ತೂಬಾ ಬಾಗಿಲು ತೆರೆದಳು, ಹೊರಗೆ

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಸಂದಿಗೆ ಯಾರೋ ಹಳೇ ಟಿಕೆಟ್ಟು ಮಡಚಿ ತುರುಕಿದ್ದಾರೆ, ಆದರೂ ಸದ್ದು ನಿಂತಿಲ್ಲ, ಮುಂದಿರುವ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡುವವರೆಗೂ ಬಸ್ಸು ಹೀಗೇ ತೆವಳುತ್ತದೆ, ತೆವಳಲಿ, ಹನ್ನೊಂದಕ್ಕೆ ಮಳವಳ್ಳಿ ಸೇರಿದರೆ ಸಾಕು, ಸೇರದಿದ್ದರೂ ಒಳ್ಳೆಯದೇ ಅನ್ನಿಸಿತು ಅಖ್ತರ್ ಬೇಗಂಗೆ, ಅನ್ನಿಸಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು — ಸತ್ತವರ ಬಗ್ಗೆ ನಾಲ್ಕು ಮಾತಾಡಲು ಹೊರಟವಳಿಗೆ ಇದೆಂಥ ಯೋಚನೆ, ತೊಡೆಯ ಮೇಲಿನ ಬಟ್ಟೆಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು, ಒಳಗೆ ಆರು ನೋಟ್‌ಬುಕ್ಕು, ಇನ್ನೂರು ಪುಟದವು, ಆರನೆಯದು ಅರ್ಧ ಮಾತ್ರ ತುಂಬಿದ್ದು, ಆಧಾರ್ ಕಾರ್ಡ್ ತೋರ್ಸಮ್ಮ ಅಂದ ಕಂಡಕ್ಟರು, ತೋರಿಸಿದಳು, ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ, ಮಳವಳ್ಳೀಲಿ ಮದುವೆಗಾ ಅಂತ ಕೇಳಿದ, ಇಲ್ಲಪ್ಪ, ಒಬ್ರು ತೀರ್ಕೊಂಡವ್ರೆ ಅಂದಳು, ನೆಂಟ್ರಾ ಅಂದ, ಈಗ ಇವನಿಗೆ ಏನು ಹೇಳಬೇಕು, ನೆಂಟರಲ್ಲ, ಕೇರಿಯವರಲ್ಲ, ನಲವತ್ತು ವರ್ಷದಲ್ಲಿ ಅವರ ಮುಖ ನೋಡಿದ್ದು ಮೂರೇ ಸಲ, ಕತೆ ಬರೀತಿದ್ರು ಅಂದಳು ಕೊನೆಗೆ, ಅವನು ಓಹೋ ಅಂದು ಮುಂದಿನ ಸೀಟಿಗೆ ಹೋದ, ಓಹೋ ಅಂದರೆ ಏನು, ಅಷ್ಟೇನಾ ಅಂತಲಾ, ಅಷ್ಟೇ ಕಣಪ್ಪ, ಪೂರಿಗಾಲಿ ಅಂಕಯ್ಯ, ಎಂಬತ್ತೊಂದು ವರ್ಷ, ನಾಲೆ ಕಾಯುವ ಸೌಡಿಯಾಗಿದ್ದವರು, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಅಂತ ಮೂವತ್ತೆರಡು ವರ್ಷ ತೂಬು ಎತ್ತಿ ಇಳಿಸಿದವರು, ನಾಲೆ ಏರಿಯ ಮೇಲೆ ಕೂತು ಹನ್ನೊಂದು ಕಾದಂಬರಿ ಬರೆದವರು, ಹನ್ನೊಂದೂ ಇನ್ನೂ ಬಾರದ ಕಾಲದ ಕಥೆಗಳು, ಚಂದ್ರನ ಮೇಲೆ ಕೆರೆ ಕಟ್ಟುವ ಒಡ್ಡರು, ನಕ್ಷತ್ರದಿಂದ ನಕ್ಷತ್ರಕ್ಕೆ ಬಿತ್ತನೆ ರಾಗಿ ಸಾಗಿಸುವ ಗಾಡಿಗಳು, ಮೊಮ್ಮಗಳ ಮೊಮ್ಮಗಳಿಗೆ ಕಾಗದ ಬರೆಯುವ ಮುದುಕಿ — ಹದಿನೆಂಟು ದಿನದ ಹಿಂದೆ, ಬುಧವಾರ ಸಂಜೆ ಐದೂವರೆಗೆ, ಅವರ ಓದುಗರ ವಾಟ್ಸಾಪ್ ಗುಂಪು ನಡೆಸುವ ನಾಗರಾಜು ಸರ್ ಅದರಲ್ಲಿ ಒಂದೇ ಸಾಲು ಹಾಕಿದ್ದರು, ಅಂಕಯ್ಯನವರು ಇನ್ನಿಲ್ಲ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ, ಅವಳು ಆಗ ಸ್ಕೂಲ್ ಯೂನಿಫಾರಮ್ಮಿನ ತೋಳಿನ ಅಂಚು ಹೊಲಿಯುತ್ತಿದ್ದಳು, ಓದಿ ಪೂರ್ತಿ ಅಂಚು ಹೊಲಿದು ಮುಗಿಸಿದಳು, ದಾರ ಕತ್ತರಿಸಿದಳು, ಆಮೇಲೆ ನೋಡಿದರೆ ತೋಳನ್ನು ತಿರುವುಮುರುವು ಹೊಲಿದಿದ್ದಳು.

ಆವತ್ತಿನಿಂದ ಗುಂಪಿನಲ್ಲಿ ಫೋಟೋ ಮೇಲೆ ಫೋಟೋ, ಇನ್ನೂರ ಹನ್ನೆರಡು ಜನ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಎಲ್ಲರೂ ತಂತಮ್ಮ ಹಳೇ ಪುಸ್ತಕದ ಫೋಟೋ ಹಾಕುವವರೇ, ರಕ್ಷಾಪುಟ ಹೋದದ್ದು, ಅರಿಶಿನದ ಬೆರಳು ಅಂಟಿದ್ದು, ಲೈಬ್ರರಿಯ ಸೀಲು ಬಿದ್ದದ್ದು, ಹೊಳಲಿನ ರೈತರೊಬ್ಬರು ಬದುವಿನ ಮೇಲೆ ಪುಸ್ತಕ ಇಟ್ಟು ಪಕ್ಕದಲ್ಲಿ ಬುತ್ತಿ ಇಟ್ಟು ಫೋಟೋ ತೆಗೆದಿದ್ದರು, ಇದನ್ನ ಹತ್ತೊಂಬತ್ತು ಸಲ ಓದಿವ್ನಿ ಅಂತ ಬರೆದಿದ್ದರು, ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿ ಪ್ರಿಯಾಂಕ, ಶಿಫ್ಟು ಬಿಟ್ಟು ಅಳುವಂಗಿಲ್ಲ, ಅದುಕ್ಕೆ ಟಾಯ್ಲೆಟ್ಟಿಗೋಗಿ ಅತ್ತು ಮಖ ತೊಳ್ಕೊಂಡು ಬಂದೆ ಅಂತ ಹಾಕಿದ್ದಳು, ಅಖ್ತರ್ ಏನೂ ಹಾಕಲಿಲ್ಲ, ಅವಳ ಹತ್ತಿರ ಇರುವುದು ಒಂದು ಪೋಸ್ಟ್‌ಕಾರ್ಡು, ಅದರ ಫೋಟೋ ತೆಗೆಯಲು ಮನಸ್ಸಾಗಲಿಲ್ಲ — ಹದಿಮೂರು ವರ್ಷ ಅವಳಿಗೆ, ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು, ಮದ್ದೂರು ಪೇಟೆಯಲ್ಲಿ ಅಬ್ಬಾ ಹಳೇ ಪೇಪರು ಕೊಂಡು ತರುತ್ತಿದ್ದರು, ಅಮ್ಮಿ ಮತ್ತು ಹೆಣ್ಣುಮಕ್ಕಳು ಮೈದಾ ಅಂಟು ಕಾಯಿಸಿ ದಿನಸಿ ಅಂಗಡಿಗಳಿಗೆ ಪೊಟ್ಟಣ ಮಾಡುತ್ತಿದ್ದರು, ಕಡಲೆಬೇಳೆಗೆ ದೊಡ್ಡದು, ಮೆಣಸಿಗೆ ಚಿಕ್ಕದು, ಮಡಚುವ ಮುಂಚೆ ಓದಿಬಿಡುವುದು ಅವಳ ಚಾಳಿ, ಹಾಗೆ ಸಿಕ್ಕಿತು ಒಂದು ವಾರಪತ್ರಿಕೆಯ ಹಾಳೆ, ಎರಡು ಚಂದ್ರರ ಊರಿನಲ್ಲಿ ಒಬ್ಬ ಒಂದು ಕೊಡ ನೀರು ಹೊತ್ತು ನಡೆಯುತ್ತಿದ್ದಾನೆ, ಮುಂದಿನ ವಾರದ ಹಾಳೆ ಸಿಗಲಿಲ್ಲ, ಅದು ಯಾವ ಅಂಗಡಿಯ ಮೆಣಸಿನ ಪೊಟ್ಟಣವಾಗಿತ್ತೋ, ಪತ್ರಿಕೆಯ ವಿಳಾಸಕ್ಕೆ ಕಾರ್ಡು ಬರೆದಳು, ಮಾನ್ಯರೇ ಆ ಕೊಡದ ನೀರು ಏನಾಯಿತು, ತಿಂಗಳ ಮೇಲೆ ಉತ್ತರ ಬಂತು, ಅಂಕಯ್ಯನವರೇ ಬರೆದಿದ್ದರು, ನೀರನ್ನು ದಾರಿಯಲ್ಲಿ ಸಿಕ್ಕಿದ ಒಂದು ಮಗು ಕುಡಿಯಿತು, ಕುಡಿದು ನಕ್ಕಿತು, ಅವನು ಖಾಲಿ ಕೊಡ ಹೊತ್ತು ಮುಂದೆ ಹೋದ, ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಆ ಕಾದಂಬರಿ ಪುಸ್ತಕವಾಗಿ ಸಿಕ್ಕಿತು, ನೋಡಿದರೆ ಅದರಲ್ಲಿ ನೀರು ಚೆಲ್ಲಿಹೋಗುತ್ತದೆ, ಮಗುವೇ ಇಲ್ಲ, ಮೊದಲ ಸಲ ಮುಖ ನೋಡಿದಾಗ ಜಗಳವಾಡುವವಳ ಹಾಗೆ ಕೇಳಿದ್ದಳು, ಯಾಕಣ್ಣ ಸುಳ್ಳು ಬರೆದ್ರಿ ಅಂತ, ಅವರು ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ನಿನ್ನಕ್ಸರ ನೋಡುದ್ರೆ ಚಿಕ್ ಮಗಾ ಅನ್ನುಸ್ತು ಕಣಮ್ಮ, ಮಗೀಗೆ ನೀರು ಚೆಲ್ಲೋಯ್ತು ಅಂತ ಎಂಗೆ ಬರೀಲಿ ಅಂದರು.

ಕೆ.ಎಂ. ದೊಡ್ಡಿ ಬಂತು, ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ, ಸಕ್ಕರೆ ಕಾರ್ಖಾನೆಯ ಆ ಸುಟ್ಟ ಬೆಲ್ಲದ, ಹುಳಿತ ಮಡ್ಡಿಯ ವಾಸನೆ, ಯಾರೋ ಇಳಿದರು, ಯಾರೋ ಬಾಳೆಗೊನೆ ಹತ್ತಿಸಿದರು, ಸ್ವಲ್ಪ ಅತ್ಲಾಗೆ ಜರುಗಮ್ಮ, ಜರುಗಿದಳು, ಅಂಕಯ್ಯನವರ ಕಣ್ಣು ಮಂಜಾದದ್ದು ಮೂರು ವರ್ಷದ ಹಿಂದೆ, ಫೋನು ಮಾಡಿದ್ದರು, ಅಕ್ತರಮ್ಮ, ಬರೆಯಕ್ಕೆ ಕಣ್ಣಿಲ್ಲ, ನೀ ಬರ್ಕೊಂತೀಯಾ, ನಾನಾ ಅಣ್ಣ, ನಾನು ಏಳನೇ ಕ್ಲಾಸು, ನಿನ್ನಕ್ಸರ ನಂಗೊತ್ತು ಬುಡು, ನಾಳಿಂದ ಹನ್ನೆರಡೂವರೆಗೆ — ಅಲ್ಲಿಂದ ಶುರುವಾಯಿತು, ಹನ್ನೆರಡೂವರೆಗೆ ಅವಳ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಲ್ಲುತ್ತಿತ್ತು, ಬ್ಲೌಸು ಕೇಳಲು ಬಂದವರು ಸುಮ್ಮನೆ ಬೆಂಚಿನ ಮೇಲೆ ಕೂರುತ್ತಿದ್ದರು, ಫೋನಿನಲ್ಲಿ ಅವರ ದನಿಯ ಹಿಂದೆ ನೀರಿನ ಸದ್ದು, ಮನೆಯೊಳಗೆ ಸಿಗ್ನಲ್ಲು ಸರಿಯಾಗಿ ಸಿಗದೆ ಹಿತ್ತಲಾಚೆ ನಾಲೆ ಏರಿಯ ಮೇಲೆ ಕೂರುತ್ತಿದ್ದರು, ಕಥೆ ಹೇಳುವಾಗ ಪುಸ್ತಕದ ಕನ್ನಡ, ನಡುವೆ ಉಸಿರು ತೆಗೆದುಕೊಳ್ಳುವಾಗ ನಾಲೆಯ ಕನ್ನಡ, ಒಂದು ದಿನ ಅವಳು ಮೊಮ್ಮಗಳಿಗೆ ತೂಬಾ ಅಂತ ಹೆಸರಿಟ್ಟೆವು ಅಂದಳು, ಅವರು ನಕ್ಕೂ ನಕ್ಕೂ ಕೆಮ್ಮಿದರು, ಮೂವತ್ತೆರಡು ವರ್ಸ ತೂಬು ಕಾದವನಿಗೆ ಈಗ ತೂಬಾ ಅಂತಾಳೆ ಇವಳು, ಅಯ್ಯೋ ಅಣ್ಣ ಅದು ಜನ್ನತ್ತಿನಲ್ಲಿರೋ ಒಂದು ಮರ, ನೆರಳು ಮುಗಿಯೋದೇ ಇಲ್ಲವಂತೆ ಅಂದಳು, ಫೋನಿನಲ್ಲಿ ನೀರು ಮಾತ್ರ ಹರಿಯಿತು, ಆಮೇಲೆ ಅವರು, ಬರ್ಕೊ, ಹುಡುಗಿಯ ಹೆಸರು ತೂಬಾ — ಹಾಗೆ ಹುಟ್ಟಿದ್ದು ಅವರ ಹನ್ನೆರಡನೆಯ ಕಾದಂಬರಿ, ಮುನ್ನೂರ ನಲವತ್ತು ವರ್ಷದ ಹಿಂದೆ ಭೂಮಿ ಬಿಟ್ಟ ಹಡಗಿನಲ್ಲಿ ಹನ್ನೆರಡನೇ ತಲೆಮಾರಿಗೆ ಹುಟ್ಟಿದವಳು, ಮಣ್ಣು ಮುಟ್ಟದವಳು, ಗಾಳಿ ಅಂದರೇನು ಗೊತ್ತಿಲ್ಲದವಳು, ಹಡಗು ತಿರುಗಿ ಭೂಮಿಗೆ ಬರುತ್ತದೆ, ಅಖ್ತರ್ ಬರೆದ ನೋಟ್‌ಬುಕ್ಕನ್ನು ಮಂಡ್ಯದ ನಾಗರಾಜು ಸರ್ ತಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಟೈಪು ಮಾಡಿ ಪ್ರತಿ ಭಾನುವಾರ ಗುಂಪಿಗೆ ಹಾಕುತ್ತಿದ್ದರು, ಭಾನುವಾರ ಬೆಳಗಾದರೆ ಇನ್ನೂರ ಹನ್ನೆರಡು ಜನ ಕಾಯುತ್ತಿದ್ದರು, ಕೊನೆಯ ಅಧ್ಯಾಯ ಪೂರ್ತಿ ಹಡಗಿನ ಬಾಗಿಲ ಮುಂದೆಯೇ, ತೆರೆಯಲೋ ಬೇಡವೋ ಅಂತ ತೂಬಾ ನಿಂತಿದ್ದಾಳೆ, ಭೂಮಿಯ ಮೇಲೆ ಯಾರಾದರೂ ಉಳಿದಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆ ಬುಧವಾರ, ಒಂದು ಗಂಟೆ ದಾಟಿತ್ತು, ಬರ್ಕೊ ಅಂದರು, ತೂಬಾ ಬಾಗಿಲು ತೆರೆದಳು, ಹೊರಗೆ — ಆಗ ದೂರದಿಂದ ಒಂದು ಹೆಂಗಸಿನ ಕೂಗು, ಬನ್ನೀ, ಮುದ್ದೆ ಆರೋಯ್ತದೇ, ಅಣ್ಣ ನಕ್ಕರು, ಕೂಗ್ತಾವ್ಳೆ ಕಣಮ್ಮ, ಅವ್ಳ ಕಿವಿ ಮಂದ, ನಾ ಬತ್ತೀನಿ ಅಂದ್ರೂ ಕೇಳಕಿಲ್ಲ, ಎದ್ದೇ ಓಗಬೇಕು, ನಾಳೆ ಮುಗಿಸಮ — ಅಷ್ಟೇ, ಹೊರಗೆ ಅಂತ ಬರೆದು ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಎರಡು ನಿಮಿಷ, ಇನ್ನು ಎರಡೇ ನಿಮಿಷ ಕೂಗದೆ ಇದ್ದಿದ್ದರೆ, ಹದಿನೆಂಟು ದಿನದಿಂದ ಎದೆಯಲ್ಲಿ ಈ ಸಣ್ಣ ಕಲ್ಲು, ಯಾವತ್ತೂ ನೋಡದ ಆ ಹೆಂಗಸಿನ ಮೇಲೆ ಸಿಟ್ಟು, ಮುದ್ದೆ ಆರಿದರೆ ಏನಾಗುತ್ತಿತ್ತು, ಅಲ್ಲಾ, ಎಂಥ ಮಾತು, ಗಂಡ ಸತ್ತವಳ ಮೇಲೆ, ಬೆಳಿಗ್ಗೆ ಅವಳ ಗಂಡ ಬಾಬು ಜಾನ್ ಅಂಗಡಿಯ ಷಟರು ಎತ್ತಿಕೊಟ್ಟು ಕೇಳಿದ್ದ, ಮೋಟಾರು ರಿಪೇರಿಯವನು, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುವವನು, ಹದಿನೆಂಟು ದಿನದಿಂದ ನೀನು ಅರ್ಧ ಮಾತಾಡಿ ನಿಲ್ಲಿಸುತ್ತಿದ್ದೀಯ, ಏನು ಒಳಗಿಟ್ಟುಕೊಂಡಿದ್ದೀಯ, ಏನಿಲ್ಲ ಅಂದಳು, ಇದೆ, ನಾಗರಾಜು ಸರ್ ಕೇಳಿದಾಗಲೂ ಇಲ್ಲ ಅಂದಿದ್ದಳು, ಅಖ್ತರಮ್ಮ, ಮುಂದೇನು ಅಂತ ನಿಮಗೆ ಹೇಳಿರ್ತಾರೆ, ನೆನಪು ಮಾಡ್ಕೊಳ್ಳಿ, ಇಲ್ಲ ಸರ್ ಹೊರಗೆ ಅಂತ ನಿಲ್ಲಿಸಿದ್ರು, ಗುಂಪಿನಲ್ಲಿ ಅದೇ ಚರ್ಚೆ, ಹೊರಗೆ ಬರೀ ಬೂದಿ ಅನ್ನುವವರು, ಹೊರಗೆ ಹಸಿರು ಗದ್ದೆ ಅನ್ನುವವರು, ಹೊರಗೆ ಇನ್ನೊಂದು ಬಾಗಿಲು ಅಂತ ಪ್ರಿಯಾಂಕ, ಕೊನೆಗೆ ನಾಗರಾಜು ಸರ್ ಮತ್ತೆ ಫೋನು ಮಾಡಿ, ಭಾನುವಾರದ ನುಡಿನಮನದಲ್ಲಿ ಕೊನೆಯ ಅಧ್ಯಾಯ ನೀವೇ ಓದಬೇಕು, ಒಂದು ಸಾಲು ನೀವೇ ಸೇರಿಸಿಬಿಡಿ, ನಿಮ್ಮ ಕೈಯೂ ಅವರ ಕೈಯೂ ಒಂದೇ ಆಗಿತ್ತಲ್ಲ, ಯಾರಿಗೂ ಗೊತ್ತಾಗಲ್ಲ, ಜನ ಪಾಪ ಕಾಯ್ತಿದ್ದಾರೆ — ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೆ ಗೊತ್ತಾಗುತ್ತದಲ್ಲ, ಯಾಕೆಂದರೆ ಫೋನು ಆಫ್ ಆಗಿರಲಿಲ್ಲ, ಅದು ಗುಂಡಿಯ ಹಳೇ ಫೋನು, ಕಣ್ಣು ಕಾಣದ ಅಣ್ಣ ಅದನ್ನು ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ದಿನವೂ ಇತ್ತ ಕಡೆಯಿಂದ ಅವಳೇ ಆಫ್ ಮಾಡುತ್ತಿದ್ದಳು, ಆವತ್ತು ಮಾಡಲಿಲ್ಲ, ಬೆರಳು ಕೆಂಪು ಗುರುತಿನ ಮೇಲೇ ಇತ್ತು, ಒತ್ತಲಿಲ್ಲ, ಯಾಕೆ, ಎರಡು ಹೆಜ್ಜೆ ಹೋದ ಮೇಲೆ ಮುಂದಿನ ಸಾಲು ಹೊಳೆದು ತಿರುಗಿ ಬಂದಾರು ಅಂತಲಾ, ಒಣಗಿದ ತರಗಿನ ಮೇಲೆ ಚಪ್ಪಲಿಯ ಸದ್ದು, ಗೇಟಿನ ಸರಪಳಿ, ಕಾಲಿನ ಮೇಲೆ ನೀರು ಸುರಿದುಕೊಂಡ ಸದ್ದು, ಹಿತ್ತಲ ಬಾಗಿಲ ಪಕ್ಕದಲ್ಲೇ ಉಣ್ಣುವುದು ಅವರು, ಅಲ್ಲಿವರೆಗೆ ಹೇಗೋ ಸಿಗ್ನಲ್ಲು ಎಟುಕುತ್ತಿತ್ತು, ಉಸ್ಸಪ್ಪ ಅಂತ ಕೂತದ್ದು, ನೆಲದ ಮೇಲೆ ತಟ್ಟೆ ಇಟ್ಟ ಟಣ್ ಅನ್ನುವ ಸದ್ದು, ಕಂಡವರ ಮನೆಯ ಊಟದ ಹೊತ್ತಿಗೆ ಕಿವಿ ಕೊಟ್ಟು ಕೂತಿದ್ದಳು, ಅಕ್ಕಪಕ್ಕದವರ ಬಾಗಿಲ ಸಂದಿಯಲ್ಲಿ ಇಣುಕುವವಳ ಹಾಗೆ, ಆಗ ಅಣ್ಣ ಅಂದರು, ಮೆಲ್ಲಗೆ, ನಗುತ್ತ, ಆಚೆಗೆ ನಿನ್ನೇ ನಿಲ್ಲಿಸ್ಬುಡ್ತೀನಿ ಕಣಮ್ಮಿ — ಆ ಹೆಂಗಸು, ಏನಂದ್ರಿ, ಏನಂದ್ರಿ ಅಂದರು, ಅಣ್ಣ, ಏನಿಲ್ಲ ಬುಡು, ಉಪ್ ತತ್ತಾ ಅಂದರು, ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು, ಅವಳು ಕಳ್ಳಿಯ ಹಾಗೆ ಬೆಚ್ಚಿ ಗುರುತು ಒತ್ತಿದಳು, ನಿನ್ನೇ ನಿಲ್ಲಿಸ್ಬುಡ್ತೀನಿ, ಕಥೆಯಲ್ಲಿ, ಬಾಗಿಲ ಆಚೆ, ತೂಬಾಳ ಎದುರಿಗೆ, ಗೊತ್ತಾಗಿತ್ತು ಅವಳಿಗೆ, ಕೂಡಲೇ ಗೊತ್ತಾಗಿತ್ತು, ಆದರೆ ಅದು ಅವಳಿಗೆ ಬರೆದುಕೋ ಅಂತ ಹೇಳಿದ ಸಾಲಲ್ಲ, ಗಂಡ ತಟ್ಟೆ ಮುಂದೆ ಕೂತು ಹೆಂಡತಿಗೆ ಹೇಳಿದ ಮಾತು, ಹೆಂಡತಿಗೇ ಕೇಳಿಸದ್ದನ್ನು ಇವಳು ಕೇಳಿಸಿಕೊಂಡಿದ್ದಾಳೆ, ಇದನ್ನು ಇನ್ನೂರ ಹನ್ನೆರಡು ಜನರ ಮುಂದೆ ಯಾವ ಬಾಯಿಯಿಂದ ಹೇಳುವುದು.

ಮಳವಳ್ಳಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಳು, ಸಣ್ಣ ಭವನ, ಅರವತ್ತು ಪ್ಲಾಸ್ಟಿಕ್ ಕುರ್ಚಿ, ಜನ ನೂರರ ಮೇಲೆ, ಗೋಡೆಗೆ ಒರಗಿ ನಿಂತವರು, ಜಮಖಾನದ ಮೇಲೆ ಕೂತವರು, ಪ್ರತಿಯೊಬ್ಬರ ಕೈಯಲ್ಲೂ ಪುಸ್ತಕ, ಮುಂದಿನ ಮೇಜಿನ ಮೇಲೆ ಅಣ್ಣನ ಫೋಟೋ, ಸೇವಂತಿಗೆ ಹಾರ, ಒಬ್ಬೊಬ್ಬರೂ ಹೋಗಿ ತಮ್ಮ ಹಳೇ ಪ್ರತಿಯನ್ನು ಫೋಟೋ ಮುಂದೆ ಒಂದು ಗಳಿಗೆ ಇಟ್ಟು ಮತ್ತೆ ಎತ್ತಿಕೊಳ್ಳುತ್ತಿದ್ದಾರೆ, ಬಿಟ್ಟು ಬರಲು ಯಾರಿಗೂ ಮನಸ್ಸಿಲ್ಲ, ನಾಗರಾಜು ಸರ್ ಬಂದರು, ಬಂದ್ರಾ, ಬನ್ನಿ ಬನ್ನಿ, ಇವ್ರೇ ನೋಡಿ ಅಖ್ತರಮ್ಮ ಅಂತ ಯಾರಿಗೋ ತೋರಿಸಿದರು, ಎತ್ತರದ ಹುಡುಗಿಯೊಬ್ಬಳು ಓಡಿ ಬಂದು ಕೈ ಹಿಡಿದುಕೊಂಡಳು, ನಾನು ಪ್ರಿಯಾಂಕ, ಆಂಟಿ, ಸೋಮನಹಳ್ಳಿ, ಪ್ರತಿ ಭಾನುವಾರ ನಿಮ್ಮನ್ನ ನೆನುಸ್ಕೋತಿದ್ದೆ ಅಂದಳು, ಕಣ್ಣು ತುಂಬಿಕೊಂಡಳು, ಅಖ್ತರ್ ಅವಳ ಕೆನ್ನೆ ತಟ್ಟಿದಳು, ಅಷ್ಟರಲ್ಲಿ ಮುಂದಿನ ಸಾಲಿನ ಕೊನೆಯ ಕುರ್ಚಿಯಿಂದ ಯಾರೋ ಕೈ ಬೀಸಿದರು, ಕುಳ್ಳಗಿನ ಮುದುಕಿ, ಬರಿ ಹಣೆ, ಮಂಡಿಯ ಮೇಲೆ ಸ್ಟೀಲಿನ ನೀರಿನ ಬಾಟಲಿ, ನೀನೇ ಏನವ್ವ ಅಕ್ತರಮ್ಮ, ಬಾ, ಇಲ್ಲಿ ಕೂತ್ಕೊ, ನಾ ಚಿಕ್ಕಬೋರಮ್ಮ, ಅವರ ಎಂಡ್ತಿ — ಇವರಾ, ಇಷ್ಟು ಚಿಕ್ಕವರಾ, ಆ ಕೂಗಿಗೆ ಅವಳು ಗಟ್ಟಿಮುಟ್ಟಾದ ಎತ್ತರದ ಹೆಂಗಸನ್ನು ಎಣಿಸಿಕೊಂಡಿದ್ದಳು, ಕೂತಳು, ಮುದುಕಿ ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಈ ಕೈಯ್ಯಾ ಬರೀತಿದ್ದುದು, ಸೂಜಿ ಚುಚ್ಕೊಂಡವೆಯಲ್ಲವ್ವ, ಆಮೇಲೆ ಅತ್ತಿತ್ತ ನೋಡಿ ಬಾಯಿ ಹತ್ತಿರ ತಂದರು, ಒಂದ್ ಮಾತ ಕೇಳ್ತೀನಿ, ನಿಜ ಯೋಳ್ಬೇಕು, ಆವತ್ತು ಪೋನ್ನಾಗೆ ನಿನ್ ತಾವ ಏನಾರ ಅಂದ್ರಾ, ಎದೆ ನೋವು ಗಿದೆ ನೋವು ಅಂತವ, ಇಲ್ಲ ಅಂತ ಅಖ್ತರ್ ತಲೆ ಆಡಿಸಿದಳು, ನಂಗೆ ಕಿವಿ ಮಂದ ಕಣವ್ವ, ಅವರು ಉಣ್ಣಕೆ ಕೂತಾಗ ಏನೋ ಅಂದ್ರು, ಆಚೆ ಅನ್ನಾದೊಂದು ಕೇಳುಸ್ತು ನಂಗೆ, ಆಚೆಗೆ ಏನೋ ಅಂದ್ರು, ಏನಂದ್ರಿ ಅಂದೆ, ಏನಿಲ್ಲ ಬುಡು ಉಪ್ ತತ್ತಾ ಅಂದ್ರು, ನಾ ಉಪ್ ತಂದು ಮಡಗ್ದೆ, ಉಂಡ್ರು, ಮಲಿಕೊಂಡ್ರು, ಮುದುಕಿ ಬಾಟಲಿಯ ಮುಚ್ಚಳವನ್ನು ತಿರುಗಿಸಿದರು, ಮತ್ತೆ ಮುಚ್ಚಿದರು, ನಮ್ ಕಡೆ ಜೀವ ಓಗೋ ಒತ್ನಲ್ಲಿ ಒಳಗೆ ಮಡಗಲ್ಲ ಕಣವ್ವ, ಆಚೆಗೆ ಮಲಗಿಸ್ತೀವಿ, ಅವ್ರಿಗೆ ಗೊತ್ತಾಗಿತ್ತು, ಆಚೆಗೆ ಮಲಗ್ಸು ಅಂತ ನಂಗೆ ಯೋಳುದ್ರು, ಕಿವುಡು ಮುಂಡೆ ನಾನು, ಉಪ್ ಕೊಟ್ಟೆ, ಆಗ್ಲೇ ಯಾರ್ನಾರ ಕೂಗಿದ್ರೆ, ಒಂದ್ ಆಟೋ ಮಾಡ್ಕೊಂಡು ಆಸ್ಪತ್ರೆಗೆ ಓಗಿದ್ರೆ —

ಕೊನೆಯ ಅಧ್ಯಾಯವನ್ನು ಬರೆದುಕೊಂಡವರೇ ಓದ್ತಾರೆ ಅಂತ ಮೈಕಿನಲ್ಲಿ ನಾಗರಾಜು ಸರ್ ದನಿ, ಚಪ್ಪಾಳೆ, ಅಖ್ತರ್ ಎದ್ದಳು, ಎದ್ದಳೋ ಯಾರಾದರೂ ಎಬ್ಬಿಸಿದರೋ, ಆರನೆಯ ನೋಟ್‌ಬುಕ್ಕು ಕೈಯಲ್ಲಿತ್ತು, ಉಳಿದ ಐದರ ಚೀಲ ಮುದುಕಿಯ ಕಾಲ ಬಳಿ, ಮೈಕಿನ ಮುಂದೆ ನಿಂತಾಗ ತನ್ನ ಉಸಿರು ತನಗೇ ಗಾಳಿಯ ಹಾಗೆ ಕೇಳಿಸಿತು, ಓದಿದಳು, ಬಾಯಿ ಓದುತ್ತಿದೆ, ತಲೆಯಲ್ಲಿ ಬೇರೆ, ಹದಿನೆಂಟು ದಿನ, ಹದಿನೆಂಟು ದಿನದಿಂದ ಈ ಹೆಂಗಸು ತಾನೇ ಗಂಡನನ್ನು ಕೊಂದೆ ಅಂತ ಕೂತಿದ್ದಾರೆ, ಇವಳು ಅದೇ ಹದಿನೆಂಟು ದಿನ ಅವರೇ ಕಥೆ ಕೊಂದರು ಅಂತ ಸಿಟ್ಟು ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಾಳೆ, ಔಷಧಿ ಇವಳ ಹತ್ತಿರ, ಮಾನ ಹೋಗುತ್ತದೆ ಅಂತ ಕಟ್ಟಿಟ್ಟುಕೊಂಡಿದ್ದಾಳೆ, ತೂಬಾ ಬಾಗಿಲಿಗೆ ಕೈ ಇಟ್ಟಳು, ಲೋಹ ತಣ್ಣಗಿತ್ತು, ಇದರಾಚೆ ಏನೂ ಇಲ್ಲದಿದ್ದರೆ ಅಂದುಕೊಂಡಳು, ಸಭೆಯಲ್ಲಿ ಒಂದು ಕೆಮ್ಮಿಲ್ಲ, ಹೊಳಲಿನ ರೈತರಿರಬೇಕು, ಬಿಳಿ ಮೀಸೆಯ ಒಬ್ಬರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಾರೆ, ಪುಟ ತಿರುಗಿಸಿದಳು, ಕೊನೆಯ ಸಾಲು, ತೂಬಾ ಬಾಗಿಲು ತೆರೆದಳು, ಹೊರಗೆ — ನಿಂತಳು, ನಾಗರಾಜು ಸರ್ ಪಕ್ಕದಿಂದ ತಲೆಯಾಡಿಸಿದರು, ಹೂಂ, ಓದಿ, ಸೇರಿಸಿ, ಅವಳು ಮೈಕಿಗೆ ಬಾಯಿ ಇಟ್ಟು, ಪೋನ್ ಆಫ್ ಆಗಿರ್ಲಿಲ್ಲ ಅಂದಳು, ಯಾರಿಗೂ ಅರ್ಥವಾಗಲಿಲ್ಲ, ನಾನು ತಪ್ಪು ಮಾಡ್ದೆ, ಕೇಳುಸ್ಕೊಂಡೆ ಅಂದಳು, ಮುದುಕಿಗೆ ಅದೂ ಕೇಳಿಸಲಿಲ್ಲ, ಏನಂತೆ ಅಂತ ಪಕ್ಕದವರನ್ನು ಕೇಳುತ್ತಿದ್ದರು, ಅಖ್ತರ್ ಮೈಕು ಬಿಟ್ಟು ಇಳಿದು ಬಂದಳು, ಕುರ್ಚಿಯ ಮುಂದೆ ಮಂಡಿಯೂರಿ ಕೂತಳು, ಅವರ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು, ಗುಟ್ಟು ಹೇಳುವ ಹಾಗೆ ಹೇಳಲು ಆಗುವುದಿಲ್ಲ ಆ ಕಿವಿಗೆ, ಕೂಗಲೇಬೇಕು, ಮಲಗ್ಸು ಅನ್ನಲಿಲ್ಲ ಅಮ್ಮಾ, ಅಣ್ಣ ಮಲಗ್ಸು ಅನ್ನಲಿಲ್ಲ, ನಾ ಕೇಳ್ದೆ, ಜೇಬ್ನಲ್ಲಿ ಪೋನ್ ಇತ್ತು, ನಗ್ತಾ ಅಂದ್ರು, ಆಚೆಗೆ ನಿನ್ನೇ ನಿಲ್ಲಿಸ್ಬುಡ್ತೀನಿ ಕಣಮ್ಮಿ ಅಂದ್ರು — ಭವನದ ಗೋಡೆಗೆಲ್ಲ ಬಡಿಯಿತು ಆ ಮಾತು, ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದರು, ನನ್ನಾ, ಹೂಂ ನಿಮ್ಮನ್ನೇ, ಎಲ್ಲಿ ನಿಲ್ಲಿಸ್ತಾರಂತೆ, ಕತೇಲಿ, ಬಾಗಿಲಿಂದ ಆಚೆ, ಒಂದು ಹುಡುಗಿ ಆಕಾಸದಿಂದ ಬತ್ತಾಳೆ, ಮುನ್ನೂರ ನಲವತ್ತು ವರ್ಸ ಆದ್ಮೇಲೆ, ಯಾರಾದ್ರೂ ಅವ್ರೋ ಇಲ್ವೋ ಅಂತ ಹೆದರ್ಕೊಂಡು ಬಾಗಿಲು ತೆಗೀತಾಳೆ, ಆಚೆ ನೀವು ನಿಂತಿರ್ತೀರಿ, ನೋವು ಅಂದಿಲ್ವಾ, ಇಲ್ಲ, ನಗ್ತಿದ್ರಾ, ನಗ್ತಿದ್ರು ಅಮ್ಮಾ, ನಗ್ತಾನೇ ಉಪ್ ಕೇಳುದ್ರು, ನಾ ಸಾರಿಗೆ ಉಪ್ಪ ಕಮ್ಮಿ ಹಾಕಿದ್ದೆ ಕಣವ್ವ ಅಂದರು ಮುದುಕಿ, ಅಂದು ಅಳತೊಡಗಿದರು, ಸದ್ದಿಲ್ಲದೆ, ಬಾಟಲಿಯ ಮೇಲೆ ಕಣ್ಣೀರು ಟಪಟಪ ಅಂತ ಬೀಳುವ ಹಾಗೆ, ಅಖ್ತರ್ ಅವರ ಎರಡು ಕೈಯನ್ನೂ ಹಿಡಿದುಕೊಂಡು ತನ್ನ ಹಣೆಗೆ ಒತ್ತಿಕೊಂಡಳು, ನಿಮ್ ಮೇಲೆ ಸಿಟ್ಟಿತ್ತು ನಂಗೆ, ಕೂಗುದ್ರಲ್ಲ ಅಂತ, ಇದನ್ನು ಮೆಲ್ಲಗೆ ಹೇಳಿದಳು, ಅವರಿಗೆ ಕೇಳಿಸದ ಹಾಗೆ, ಹಿಂದಿನ ಸಾಲುಗಳಲ್ಲಿ ಮೂಗು ಎಳೆದುಕೊಳ್ಳುವ ಸದ್ದು, ಪ್ರಿಯಾಂಕ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ, ನಾಗರಾಜು ಸರ್ ಮೈಕಿನ ಹತ್ತಿರ ಕನ್ನಡಕ ತೆಗೆದು ಒರೆಸುತ್ತಲೇ ಇದ್ದಾರೆ, ಒಂದು ಪೆನ್ನು ಯಾರ ಕೈಯಿಂದಲೋ ಬಂತು, ಬರೀರಿ ಅಖ್ತರಮ್ಮ, ಇಲ್ಲೇ ಬರೀರಿ, ಅವಳು ಜಮಖಾನದ ಮೇಲೆ ಕೂತು ನೋಟ್‌ಬುಕ್ಕನ್ನು ಮುದುಕಿಯ ಪಾದದ ಪಕ್ಕ ಬಿಚ್ಚಿದಳು, ಹೊರಗೆ ಅನ್ನುವ ಮಾತಿನ ಮುಂದೆ ಪೆನ್ನಿನ ಮೊನೆ ಇಟ್ಟಳು, ಮೇಲಿನಿಂದ ಮುದುಕಿ ಅವಳ ಭುಜ ಮುಟ್ಟಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, ಎಲ್ಲರಿಗೂ ಕೇಳುವ ಹಾಗೆ, ಎಷ್ಟೊತ್ತು ನಿಂತಿರ್ಬೇಕಂತವ್ವ ನಾನು, ನನ್ ಮಂಡಿನೋವು ಗೊತ್ತಲ್ಲ ಅವ್ರಿಗೆ — ಯಾರೋ ನಕ್ಕರು, ನಕ್ಕವರೇ ಬಿಕ್ಕಿದರು, ಅಖ್ತರಳ ಪೆನ್ನು ಮುಂದೆ ಹೋಗಲಿಲ್ಲ, ಎಷ್ಟೊತ್ತು, ಅಣ್ಣ ಅದನ್ನು ಹೇಳಲಿಲ್ಲವಲ್ಲ, ಬಿಸಿಲು, ಹಡಗಿನ ಬಾಗಿಲು ತೆರೆದಿದೆ, ಹೊರಗೆ ಕುಳ್ಳಗಿನ ಒಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಾಳೆ, ಬಾಗಿಲು ತೆರೆದಿದೆ, ಹೊರಗೆ ಒಬ್ಬಳು, ನೋಯುವ ಕಾಲನ್ನು ಸ್ವಲ್ಪ ಸಡಿಲ ಬಿಟ್ಟು, ಇನ್ನೊಂದರ ಮೇಲೆ ಭಾರ ಹಾಕಿ, ಒಬ್ಬಳು, ಹೊರಗೆ, ನಿಂತೇ ಇದ್ದಾಳೆ